ಕಾಡಂಚಿನ ತೋಟಗಳಲ್ಲಿ ಅತಿಥಿಗೃಹ

ತುಮಕೂರು ನಗರಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ದೇವರಾಯನದುರ್ಗದ ಅರಣ್ಯಪ್ರಾಂತವು ಹಿಂದಿನಿಂದಲೂ ಯಾತ್ರಿಕರನ್ನು ಆಕರ್ಷಿಸುತ್ತ ಬಂದಿರುವುದು ಸರ್ವವಿದಿತವಷ್ಟೆ. ಭೋಗನರಸಿಂಹ, ಯೋಗನರಸಿಂಹ ಸ್ವಾಮಿಯವರ ದರ್ಶನಕ್ಕೆ ಬಂದವರು ಛತ್ರದಲ್ಲಿ ತಂಗಿ, ಮರುದಿನ ನಾಮದ ಚಿಲುಮೆಯನ್ನು ನೋಡಿಕೊಂಡು ಹಿಂದಿರುಗುತ್ತಿದ್ದರು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷಿಸಿದ ಕಾಲದಲ್ಲಿ ಈ ಚಿಲುಮೆಯ ಬಳಿಯ ಅರಣ್ಯ ವಸತಿಗೃಹದಲ್ಲಿಯೇ ಬಿಡಾರ ಮಾಡಿದ್ದರೆಂದು ಹೇಳುವರು. ಅಂದಿನ ಅತಿಥಿಗೆ ಒಂದು ಹೆಂಚಿನ ಸೂರು, ಒಂದು ಜಗಲಿ, ಒಂದು ಕೊಡ ತಿಳಿನೀರು ಇದ್ದರೆ ಸಾಕಾಗುತ್ತಿದ್ದಿತು.

ಈಚೆಗೆ ಬೆಂಗಳೂರಿನಿಂದ ವಾರಾಂತ್ಯದಲ್ಲಿ ಬರುವವರ ಸಂಖ್ಯೆಯು ಹೆಚ್ಚಿ, ಕಾಡಂಚಿನ ಹಿಡುವಳಿದಾರರಲ್ಲಿ ಅನೇಕರು ತಮ್ಮ ತೋಟಗಳಲ್ಲಿ ವಸತಿಯನ್ನು ಏರ್ಪಡಿಸುವ ಆಲೋಚನೆಯಲ್ಲಿರುವರು. ಆಲೋಚನೆಯು ತಪ್ಪಲ್ಲ. ಕೊಬ್ಬರಿಯ ಧಾರಣೆಯು ಏರಿಳಿಯುವ ಈ ಸೀಮೆಯಲ್ಲಿ ತೋಟದ ಮನೆಗೆ ಮತ್ತೊಂದು ಉತ್ಪತ್ತಿಯು ಸೇರುವುದಾದರೆ ಯಾರು ತಾನೆ ಬೇಡವೆಂದಾರು? ಆದರೆ ಕಟ್ಟುವ ಬಗೆಯಲ್ಲಿ ಹಲವೆಡೆ ವಿವೇಕವು ತಪ್ಪುತ್ತಿರುವುದು. ಹುಣಸೆ, ಹೊಂಗೆ ಮರಗಳನ್ನು ಕಡಿದು, ನೆಲವನ್ನು ಸಮಮಾಡಿ, ಸಿಮೆಂಟಿನ ಕೊಠಡಿಗಳ ಸಾಲೆಬ್ಬಿಸಿ, ಮುಂದುಗಡೆ ಹುಲ್ಲುಹಾಸನ್ನೂ ಈಜುಕೊಳವನ್ನೂ ಮಾಡಿಸುವುದೇ ಘನತೆಯೆಂದು ಭಾವಿಸಿರುವಂತೆ ತೋರುತ್ತದೆ. ಸಿಮೆಂಟಿನ ಬೇಗೆಗೆ ಬೇಸತ್ತು ಬಂದವನನ್ನು ಮತ್ತೆ ಸಿಮೆಂಟಿನ ಗೂಡಿಗೇ ಹೊಗಿಸುವುದು ಎಂತಹ ಆತಿಥ್ಯವೋ ತಿಳಿಯದು!

ನೀರಿನ ಲೆಕ್ಕವನ್ನಂತೂ ಎಲ್ಲರೂ ಕಾಗದದ ಮೇಲೆ ಬರೆದು ನೋಡತಕ್ಕದ್ದು. 10 ಮೀಟರ್ ಉದ್ದ, 5 ಮೀಟರ್ ಅಗಲ, 1.2 ಮೀಟರ್ ಆಳದ ಚಿಕ್ಕ ಈಜುಕೊಳವೊಂದಕ್ಕೆ 60,000 ಲೀಟರ್ ನೀರು ಬೇಕು. ಬೇಸಗೆಯಲ್ಲಿ ಹನಿ ನೀರಾವರಿಯಿಂದ ಮರವೊಂದಕ್ಕೆ ದಿನಕ್ಕೆ 50 ಲೀಟರಿನಂತೆ ಕೊಟ್ಟರೆ, ಅದೇ ನೀರು 40 ತೆಂಗಿನ ಮರಗಳನ್ನು ಒಂದು ತಿಂಗಳು ಸಲಹಬಲ್ಲುದು. ಬಿಸಿಲಿಗೆ ಆರಿಹೋದುದನ್ನು ತುಂಬುವ ನೀರೂ, ಕೊಳವನ್ನು ತೊಳೆಯುವ ನೀರೂ ಈ ಲೆಕ್ಕದಲ್ಲಿ ಸೇರಿಲ್ಲ. ಮೇಲಾಗಿ ಇದು ಯಾರೋ ಒಬ್ಬರ ಕೊಳವೆ ಬಾವಿಯ ಮಾತಷ್ಟೇ ಅಲ್ಲ. ಶಿಂಷಾ, ಜಯಮಂಗಲಿ ನದಿಗಳೆರಡೂ ಹುಟ್ಟುವುದು ಈ ಬೆಟ್ಟಗಳಲ್ಲಿಯೇ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯೂ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವೂ ಶಿಂಷೆಯನ್ನು ನೆಚ್ಚಿಕೊಂಡಿವೆ. ಮೇಲಿನವರು ಹಳ್ಳಗಳನ್ನು ಮುಚ್ಚಿ ಕಟ್ಟಡವನ್ನೆಬ್ಬಿಸಿದರೆ ಕೆಳಗಿನವರ ತೂಬಿಗೆ ಕೆಲಸವಿರದು.

ಇದಕ್ಕಿಂತಲೂ ಗಂಭೀರವಾದ ವಿಷಯವೊಂದುಂಟು. 2019ರ ಕೊನೆಯಲ್ಲಿಯೂ 2020ರ ಆದಿಯಲ್ಲಿಯೂ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳಲ್ಲಿ ಚಿರತೆಯ ಬಾಯಿಗೆ ಸಿಕ್ಕಿ ಹಲವರು, ಎಳೆಯ ಮಕ್ಕಳು ಸಹ, ಪ್ರಾಣ ನೀಗಿದುದನ್ನು ಈ ಭಾಗದ ಜನರು ಮರೆತಿರಲಾರರು. ಅತಿಥಿಗೃಹದ ಎಂಜಲನ್ನೂ ಮಾಂಸದ ತುಣುಕುಗಳನ್ನೂ ಬೇಲಿಯಾಚೆ ಎಸೆದರೆ ನಾಯಿಗಳು ಕೂಡುವುವು. ನಾಯಿ ಕೂಡಿದೆಡೆಗೆ ಚಿರತೆಯು ಬಂದೇ ಬರುವುದು. ಅತಿಥಿಯು ಭಾನುವಾರ ಸಂಜೆ ಊರಿಗೆ ಹೊರಟುಹೋಗುವನು. ಸೋಮವಾರ ಮುಂಜಾನೆ ಕತ್ತಲಲ್ಲಿ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವವಳು ನೆರೆಯ ಹೆಣ್ಣುಮಗಳು. ಆದಕಾರಣ ಉಳಿದ ಅನ್ನವು ಮುಚ್ಚಳವಿರುವ ಗೊಬ್ಬರದ ಗುಂಡಿಗೋ ಗೋಬರ್ ಗ್ಯಾಸಿನ ತೊಟ್ಟಿಗೋ ಅಂದಿನ ರಾತ್ರಿಯೇ ಸೇರತಕ್ಕದ್ದು. ಮಾಘ ಫಾಲ್ಗುಣಗಳಲ್ಲಿ ಬೆಟ್ಟದ ಹುಲ್ಲು ಒಣಗಿ ನಿಂತಿರುವಾಗ ಅತಿಥಿಗಳ ವಿನೋದಕ್ಕಾಗಿ ಬಯಲಿನಲ್ಲಿ ಬೆಂಕಿ ಹಾಕುವ ಪದ್ಧತಿಯನ್ನಂತೂ ಪೂರ್ತಿಯಾಗಿ ಕೈಬಿಡಬೇಕು.

ಇಟಲಿ ದೇಶದಲ್ಲಿ 1985ರಲ್ಲಿಯೇ ಈ ವಿಷಯವಾಗಿ ಒಂದು ಶಾಸನವಾಯಿತು. ಅದರಂತೆ ಅತಿಥಿಗಳನ್ನಿಟ್ಟುಕೊಳ್ಳುವ ರೈತನಿಗೆ ಬೇಸಾಯವೇ ಪ್ರಧಾನವಾಗಿರಬೇಕು; ವಸತಿಯು ಅದಕ್ಕೆ ಅಂಗವಾಗಿ ಮಾತ್ರ ನಡೆಯಬೇಕು. ನಮ್ಮ ಹಿಡುವಳಿದಾರರಿಗೂ ಇದೇ ಯುಕ್ತವಾದ ಮಾರ್ಗವು. ಇರುವ ತೋಟದ ಮನೆಗೆ ಹೆಂಚಿನ ಎರಡು ಕೊಠಡಿಗಳನ್ನೂ, ಶುಚಿಯಾದ ಶೌಚಗೃಹವನ್ನೂ, ಬಚ್ಚಲ ನೀರಿಗೆ ಇಂಗುಗುಂಡಿಯನ್ನೂ ಸೇರಿಸಿದರೆ ಆರಂಭಕ್ಕೆ ಸಾಲದೆ? ಬಂದವರಿಗೆ ರಾಗಿಮುದ್ದೆ, ಅವರೆಕಾಳಿನ ಸಾರು, ತೋಟದ ಎಳನೀರು ಇರಲಿ. ಕಾಲವೊದಗಿದಾಗ ಹಲಸಿರಲಿ. ಗುಬ್ಬಿ ತಾಲ್ಲೂಕಿನ ಚೇಳೂರಿನ ಮರವೊಂದರಿಂದ ದೊರೆತು, ಹಿರೇಹಳ್ಳಿಯ ಪ್ರಯೋಗ ಕೇಂದ್ರದವರ ಮೂಲಕ ಪ್ರಸಿದ್ಧಿಗೆ ಬಂದ ಕೆಂಪು ತೊಳೆಯ ‘ಸಿದ್ದು’ ಹಲಸನ್ನು ತೋಟದಲ್ಲಿಯೇ ತಿಂದವನು ಬರಿಗೈಯಲ್ಲಿ ಹಿಂದಿರುಗಲಾರನು. ಹಣ್ಣನ್ನೂ ಕೊಳ್ಳುವನು, ಸಸಿಯನ್ನೂ ಕೇಳುವನು. ಅಡಿಗೆಯ ಭಾರವನ್ನು ಹೊರುವ ಮನೆಯ ಹೆಂಗಸರಿಗೆ ಈ ವರಮಾನದಲ್ಲಿ ಸ್ಪಷ್ಟವಾದ ಪಾಲಿರಬೇಕೆಂಬುದನ್ನು ಯಜಮಾನರು ಮೊದಲೇ ಒಪ್ಪಿಕೊಳ್ಳುವುದು ಮೇಲು.

ಬೇಸಾಯದ ಜಮೀನನ್ನು ಅನ್ಯ ಉದ್ದೇಶಕ್ಕೆ ಪರಿವರ್ತಿಸಲು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಅನುಮತಿಯನ್ನು ಪಡೆಯಬೇಕು. ಹೊರಗಿನವರು ಬಂದು ತೋಟವನ್ನು ಕೊಂಡು ಇಂತಹ ಕಟ್ಟಡಕ್ಕೆ ಊರಿನ ಒಪ್ಪಿಗೆಯನ್ನು ಕೇಳಿದಾಗ, ಗ್ರಾಮದ ಮುಖಂಡರು ನಕ್ಷೆಯ ಅಂದವನ್ನು ನೋಡುವುದಕ್ಕೆ ಮುಂಚೆ, ನೀರು ಯಾವ ಬಾವಿಯಿಂದ ಬರುವುದು, ಬಚ್ಚಲು ಎಲ್ಲಿಗೆ ಹರಿಯುವುದು, ಎಂಜಲು ಎಲ್ಲಿಗೆ ಹೋಗುವುದು ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರವನ್ನು ಪಡೆಯಲಿ.