ಊರ ನೀರಿನ ಲೆಕ್ಕ ಬರೆದಿಡೋಣ

ಹಿರೇಕೆರೂರು ಸೀಮೆಯ ಹಿರಿಯರೇ, ಅಕ್ಕ-ತಂಗಿಯರೇ, ಪಂಚಾಯಿತಿ ಸದಸ್ಯರೇ,

ನಿಮ್ಮೂರಲ್ಲಿ ಇದುವರೆಗೆ ಎಷ್ಟು ಬೋರು ಕೊರೆಸಿದ್ದಾರೆ? ಎಷ್ಟು ಅಡಿಗೆ ನೀರು ಬಿತ್ತು, ಯಾವ ಬೇಸಿಗೆಯಲ್ಲಿ ಬತ್ತಿತು? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೊಸ ಬೋರಿಗೆ ಜಾಗ ತೋರಿಸುವಾಗ, ಅಲ್ಲೇ ಪಕ್ಕದಲ್ಲಿ ಹಿಂದೊಮ್ಮೆ ಕೊರೆದು ಬರೀ ಧೂಳು ಎದ್ದದ್ದು ಯಾರಿಗೂ ನೆನಪಾಗುವುದಿಲ್ಲ. ಹೋಗುವುದು ನಮ್ಮದೇ ದುಡ್ಡು.

ನಮ್ಮದು ಕೆರೆಗಳ ಸೀಮೆ. ಹಿರೇಕೆರೂರಿಗೆ ದುರ್ಗಾದೇವಿ ಕೆರೆ. ಮಾಸೂರಿನ ಬಳಿ ಗುಡ್ಡಗಳ ನಡುವೆ ಕುಮುದ್ವತಿ ನದಿಗೆ ಅಡ್ಡಗಟ್ಟಿದ ಮದಗದ ಕೆರೆಯಂತೂ ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತು. ಈ ನಾಡಿನಲ್ಲಿ ಕೆರೆ ಕಟ್ಟಿಸಿದವರು ಅದನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. ಸಾವಿರ ವರ್ಷದ ಕೆರೆಗೆ ಶಾಸನ ಸಿಗುತ್ತದೆ, ಮೂವತ್ತು ವರ್ಷದ ಬೋರಿಗೆ ಒಂದು ಚೀಟಿ ಸಿಗುವುದಿಲ್ಲ.

1983ರಲ್ಲಿ ಮಂತ್ರಿಯಾದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿ ‘ನೀರ್ ಸಾಬ್’ ಎನಿಸಿಕೊಂಡರು. 250 ಜನರಿಗೊಂದು ಕೈಪಂಪು, ತಲೆಗೆ ದಿನಕ್ಕೆ 40 ಲೀಟರ್ ಎಂಬುದು ಹಿಂದಿನ ಸರ್ಕಾರಿ ಲೆಕ್ಕ. 2019ರ ಜಲಜೀವನ್ ಮಿಷನ್ ಮನೆಗೊಂದು ನಳ, ತಲೆಗೆ 55 ಲೀಟರ್ ಎಂದಿತು. ಇದು ಸಣ್ಣ ಮಾತಲ್ಲ. ಕೊಡ ಹೊತ್ತು ನೊಂದ ಸೊಂಟಕ್ಕೆ ಅದರ ಬೆಲೆ ಗೊತ್ತು. ಆದರೆ ನಳ ಬಂತೆಂದು ಸೇದುವ ಬಾವಿಗೆ ಕಸ ಸುರಿದವರೂ ನಾವೇ. ಮೋಟಾರು ಸುಟ್ಟ ದಿನ ಆ ಬಾವಿ ಬೇಕಾಗುತ್ತದೆ.

ಇದನ್ನೆಲ್ಲ ಬರೆದಿಡಲು ಒಂದು ದಪ್ಪ ರಟ್ಟಿನ ಪುಸ್ತಕ ಸಾಕು. ಊರಿನ ಕೆರೆ, ಬಾವಿ, ಬೋರು, ಟ್ಯಾಂಕು ಎಲ್ಲವೂ ಅದರಲ್ಲಿ ಬರಲಿ: ಯಾವಾಗ ಆಯಿತು, ಎಷ್ಟು ಆಳ, ಯಾವ ನೀರಿಗೆ ಬೇಳೆ ಬೇಯುತ್ತದೆ, ಯಾವುದು ಸವಳು. ಯಾರಿಗೆ ಯಾವ ಬಾವಿಯ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ ಎಂಬುದನ್ನೂ ಬರೆಯಿರಿ. ಮುಜುಗರವಾದರೂ ಸರಿ, ಅದೂ ನಮ್ಮ ನೀರಿನ ಚರಿತ್ರೆಯೇ.

ಹಳೆಯ ಕಾಗದ ಹುಡುಕುವವರಿಗೊಂದು ಮಾತು: ಬ್ರಿಟಿಷರ ಕಾಲದಲ್ಲಿ ನಮ್ಮ ತಾಲ್ಲೂಕಿನ ಹೆಸರು ಕೋಡ, ಜಿಲ್ಲೆ ಧಾರವಾಡ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಹಿರೇಕೆರೂರು ಎಂದಷ್ಟೇ ಕೇಳಿ ಬರಿಗೈಲಿ ಮರಳಬೇಡಿ. 1884ರ ಧಾರವಾಡ ಗೆಜೆಟಿಯರನ್ನೂ ತೆರೆದು ನೋಡಿ.

ಕಾಗದಕ್ಕಿಂತ ಮೊದಲು ವಾಲ್ ತಿರುಗಿಸುವ ನೀರಗಂಟಿಯನ್ನು, ನೀರು ಹೊತ್ತ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ. ಬರೆದದ್ದನ್ನು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ, ಒಂದು ಪ್ರತಿಯನ್ನು ಶಾಲೆಯಲ್ಲಿಡಿ. ಅದನ್ನು ನೋಡದೆ ಹೊಸ ಬೋರಿಗೆ ಠರಾವು ಮಾಡುವುದಿಲ್ಲ ಎಂದು ಅದೇ ಸಭೆಯಲ್ಲಿ ಬರೆಸಿಕೊಳ್ಳಿ.