ಬಿಟ್ಟುಹೋದವರ ಅಮಾನತ್ತು

ಪ್ರಾರ್ಥಿಸುವವರೇ ಊರು ತೊರೆದರೆ ಪ್ರಾರ್ಥನಾಲಯದ ಗತಿಯೇನು? ಕೇರಳದ ತ್ರಿಶ್ಶೂರು ಜಿಲ್ಲೆಯ ಮಾಳದ ಯಹೂದಿಯರ ಮುಂದೆ 1955ರಲ್ಲಿ ಈ ಪ್ರಶ್ನೆ ಎದುರಾಯಿತು. ಇಸ್ರೇಲಿಗೆ ವಲಸೆ ಹೊರಟ ಅವರು ತಮ್ಮ ಸಿನಗಾಗನ್ನೂ ದಫನಭೂಮಿಯನ್ನೂ ಪಂಚಾಯತಿಗೆ ಒಪ್ಪಿಸಿದರು. ಬಾಯಿಮಾತಿನಲ್ಲಲ್ಲ, ಲಿಖಿತ ಕರಾರಿನ ಮೂಲಕ: ಕಟ್ಟಡವನ್ನು ಅನ್ಯ ಧರ್ಮದ ಆರಾಧನಾಲಯವನ್ನಾಗಿ ಮಾಡಬಾರದು, ಗೋರಿಗಳನ್ನು ಕಾಪಾಡಬೇಕು. ಆರಾಧನಾಲಯವು ಸಾರ್ವಜನಿಕ ಸಭಾಂಗಣವಾಯಿತು. ಮುಂದೆ ದಫನಭೂಮಿಯ ಮೇಲೆ ಕ್ರೀಡಾಂಗಣದ ಕಣ್ಣು ಬಿದ್ದಾಗ ಪ್ರತಿಭಟಿಸಿದವರು ಊರಿನ ನಾಗರಿಕರೇ. ಅವರ ಕೈಯಲ್ಲಿದ್ದ ಆಧಾರ ಆ ಹಳೆಯ ಕಾಗದ.

ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಕಥೆ ಬೇರೆ. ಅದರ ಕೆತ್ತನೆಯ ಒಳಾಂಗಣವು ಜೆರುಸಲೇಮಿನ ವಸ್ತುಸಂಗ್ರಹಾಲಯ ಸೇರಿತು; ಉಳಿದ ಗೋಡೆಗಳು ಗೋದಾಮಾಗಿ ದುಡಿದು, 2019ರ ಮಳೆಗೆ ಕುಸಿದವು.

ಗಾಝಾದ ನರಮೇಧವನ್ನು ಖಂಡಿಸುವವರಿಗೆ ಯಹೂದಿ ಆರಾಧನಾಲಯದ ಚಿಂತೆಯೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಇಸ್ರೇಲಿನ ಆಡಳಿತ ಬೇರೆ, ಯಹೂದಿಯರ ಪ್ರಾರ್ಥನಾಲಯ ಬೇರೆ. ಅಲ್ಲಾಹನ ನಾಮಸ್ಮರಣೆ ನಡೆಯುವ ತಾಣಗಳ ಸಾಲಿನಲ್ಲಿ ಪವಿತ್ರ ಕುರ್‌ಆನಿನ ಸೂರಃ ಅಲ್ ಹಜ್ಜ್ (22:40) ಮಸೀದಿಗಳ ಜೊತೆಗೇ ಅವುಗಳನ್ನೂ ಹೆಸರಿಸುತ್ತದೆ. ಕೊಲ್ಕತ್ತಾದಲ್ಲಿ ಯಹೂದಿಯರು ಬೆರಳೆಣಿಕೆಯಷ್ಟೇ ಉಳಿದಿರುವಾಗ ಅವರ ಸಿನಗಾಗುಗಳ ಗುಡಿಸಿ ಒರೆಸುವ ಕೆಲಸವನ್ನು ಮುಸ್ಲಿಮ್ ಕುಟುಂಬಗಳು ತಲೆಮಾರುಗಳಿಂದ ಮಾಡುತ್ತಾ ಬಂದಿವೆ. ಅಮಾನತ್ತಿನ ಅರ್ಥ ಅವರಿಗೆ ನಮಗಿಂತ ಚೆನ್ನಾಗಿ ತಿಳಿದಿದೆ.

ಈಗ ನಮ್ಮ ಮನೆಗೆ ಬರೋಣ. ಶಿರಾದ ಮಲಿಕ್ ರಿಹಾನ್ ಗುಂಬಜ್ ಹಾಗೂ 1696ರ ಜುಮ್ಮಾ ಮಸೀದಿಗೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಆದರೆ ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳ ಪುಟ್ಟ ಮಸೀದಿ, ಕಬರಸ್ತಾನಗಳಿಗೆ? ದುಡಿಮೆ ಅರಸಿ ಕೊನೆಯ ನಾಲ್ಕು ಮನೆಗಳೂ ಬೆಂಗಳೂರಿನ ಹಾದಿ ಹಿಡಿದರೆ ಬೀಗದ ಕೈ ಯಾರ ಬಳಿ ಇರುತ್ತದೆ? ದೀರ್ಘಕಾಲದ ಬಳಕೆಯಿಂದಲೇ ಆಸ್ತಿಯು ವಕ್ಫ್ ಆಗುತ್ತದೆಂಬ ತತ್ವವನ್ನು 2025ರ ತಿದ್ದುಪಡಿ ಕಾಯ್ದೆ ಮುಂದಿನ ದಿನಗಳಿಗೆ ಕೈಬಿಟ್ಟಿದೆ. ಮೊದಲೇ ನೋಂದಣಿಯಾದವುಗಳಿಗಷ್ಟೇ, ಅದೂ ವಿವಾದವಿಲ್ಲದಿದ್ದರೆ, ರಕ್ಷಣೆ. ಈ ಕಾಯ್ದೆಯ ಅನ್ಯಾಯವನ್ನು ಪ್ರತಿಭಟಿಸಲೇಬೇಕು. ಆದರೆ ಅತಿಕ್ರಮಣಕಾರರೆಲ್ಲ ಹೊರಗಿನವರೆಂಬುದು ಅರ್ಧಸತ್ಯ. ವಕ್ಫ್ ಮಳಿಗೆಗೆ ಮೂರು ಕಾಸಿನ ಬಾಡಿಗೆ ಕೊಟ್ಟು, ಅದನ್ನೇ ಇನ್ನೊಬ್ಬರಿಗೆ ಮೂವತ್ತು ಪಟ್ಟಿಗೆ ಕೊಡುವವರು ನಮ್ಮ ಸಫ್ಫುಗಳಲ್ಲೇ ನಿಂತಿದ್ದಾರೆ.

ಪ್ರತಿ ಜಮಾಅತ್ ಸಮಿತಿಯೂ ಈ ರಮಝಾನಿಗೆ ಮುನ್ನ ತನ್ನ ಸುತ್ತಲಿನ ಜನವಿಲ್ಲದ ಮಸೀದಿ, ಕಬರಸ್ತಾನಗಳ ಸರ್ವೆ ನಂಬರು, ಚಕ್ಕುಬಂದಿ, ನೋಂದಣಿಯ ಸ್ಥಿತಿಯನ್ನು ಬರೆದಿಡಲಿ. ಬೇಲಿ ಯಾರ ಹೊಣೆ, ಬೀಗ ಯಾರ ಹೊಣೆ ಎಂಬುದನ್ನೂ ಆ ಹಾಳೆಯಲ್ಲೇ ಬರೆದು, ನೆರೆಯ ಹಿಂದೂ ಹಿರಿಯರ ಸಹಿಯನ್ನೂ ಕೇಳಲಿ.