ಹುರಿದ ಹದ ಯಾರ ಸೊತ್ತು?

ಬಂಡೀಪುರದ ಎಲೆಯುದುರು ಕಾಡಿನಲ್ಲಿ ಕಾಫಿ ಬೆಳೆಯುವುದಿಲ್ಲ. ಆದರೆ ಆ ಕಾಡಿನ ಆಚೀಚೆಗೆಲ್ಲ ಕಾಫಿಯೇ ಇದೆ. ಪಡುವಣಕ್ಕೆ ವಯನಾಡಿನ ರೊಬಸ್ಟಾ, ತೆಂಕಣಕ್ಕೆ ಗೂಡಲೂರಿನ ತೋಟಗಳು, ನಾಗರಹೊಳೆಯ ಆಚೆಗೆ ಕೊಡಗು, ಈಶಾನ್ಯಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಣ್ಣ ಹಿಡುವಳಿಗಳು. ಇಷ್ಟೆಲ್ಲ ಕಾಫಿಯ ನಡುವೆ ಇರುವ ಗುಂಡ್ಲುಪೇಟೆ, ಚಾಮರಾಜನಗರಗಳ ಹೋಟೆಲುಗಳಲ್ಲಿ ಲೋಟಕ್ಕೆ ಬೀಳುವ ಕಾಫಿಪುಡಿ ಯಾರು ಬೆಳೆದದ್ದು, ಎಲ್ಲಿ ಹುರಿದದ್ದು ಎಂದು ವಿಚಾರಿಸುವವರು ಮಾತ್ರ ಕಡಿಮೆ.

ಬೆಳೆದದ್ದನ್ನು ಹಸಿಯಾಗಿಯೋ ಒಣಗಿಸಿಯೋ ಹಾಗೆಯೇ ಸಾಗಿಸಿಬಿಡುವುದು ಈ ಜಿಲ್ಲೆಯ ಹಳೆಯ ರೂಢಿ. ಅರಿಶಿನ ಈರೋಡಿನ ಮಾರುಕಟ್ಟೆಗೆ ಹೋಗುತ್ತದೆ. ಚೆಂಡುಹೂವು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಕಾಫಿಯದೂ ಅದೇ ಕಥೆ. ಬೆಟ್ಟದಿಂದ ಇಳಿಯುವುದು ಒಣಗಿದ ಚೆರ್ರಿಯ ಚೀಲ, ಬೆಟ್ಟವನ್ನು ಹತ್ತುವುದು ಪುಡಿಯ ಪೊಟ್ಟಣ. ಒಂದು ಕಿಲೋ ಹಸಿ ಬೀಜ ಹುರಿದಾಗ ನೂರೈವತ್ತರಿಂದ ಇನ್ನೂರು ಗ್ರಾಂ ತೂಕ ಕಳೆದುಕೊಳ್ಳುತ್ತದೆ, ಬೆಲೆ ಮಾತ್ರ ಹಲವು ಪಟ್ಟು ಏರುತ್ತದೆ. ಆ ಏರಿಕೆ ಸಂಭವಿಸುವುದು ಹತ್ತು ಹದಿನೈದು ನಿಮಿಷಗಳಲ್ಲಿ, ಮತ್ತು ಅದು ಸಂಭವಿಸುವುದು ಬೇರೆಯವರ ಒಲೆಯ ಮೇಲೆ.

ಇದಕ್ಕೆ ಬೆಳೆಗಾರನ ಸೋಮಾರಿತನವನ್ನು ಕಾರಣವೆನ್ನುವುದು ಅನ್ಯಾಯ. ಬಿಳಿಗಿರಿಯ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೋಟ ಹಾಕಿದವರು ಮಾರಿಸ್ ಮನೆತನದಂಥ ಯುರೋಪಿಯನ್ನರು. ಬೆಟ್ಟದ ಮೂಲನಿವಾಸಿಗಳಾದ ಸೋಲಿಗರ ಕೈಗೆ ಕಾಫಿ ಬೆಳೆಯಾಗಿ ಬಂದದ್ದು ಬಹಳ ತಡವಾಗಿ. ದೇಶದಲ್ಲಿ 1942ರ ಕಾಫಿ ಕಾಯ್ದೆ ಬೆಳೆದವನು ಬೆಳೆದದ್ದೆಲ್ಲವನ್ನೂ ಮಂಡಳಿಯ ಒಟ್ಟು ರಾಶಿಗೆ ಒಪ್ಪಿಸುವಂತೆ ಮಾಡಿತ್ತು. ತನ್ನ ಬೀಜವನ್ನು ತಾನೇ ಮಾರುವ ಪೂರ್ಣ ಸ್ವಾತಂತ್ರ್ಯ ಬೆಳೆಗಾರನಿಗೆ ಸಿಕ್ಕಿದ್ದು 1996ರಲ್ಲಿ. ಅಷ್ಟು ಕಾಲ ರಾಶಿಗೆ ಸುರಿದು ಬಂದವನಿಗೆ ಹುರಿಯುವ ವಿದ್ಯೆ ಎಲ್ಲಿಂದ ಬರಬೇಕು?

ಹುರಿಯುವುದು ನಿಜಕ್ಕೂ ವಿದ್ಯೆ. ಬೀಜದಲ್ಲಿ ಶೇಕಡಾ 10ರಿಂದ 12ರಷ್ಟು ತೇವವಿರುತ್ತದೆ. ಮೊದಲ ಕೆಲವು ನಿಮಿಷ ಅದು ಆರುತ್ತದೆ; 150 ಡಿಗ್ರಿಯ ಆಸುಪಾಸಿನಲ್ಲಿ ಹಸಿರು ಅಳಿದು ಹಳದಿ ಮೂಡುತ್ತದೆ, ಹುಲ್ಲಿನ ವಾಸನೆ ಹೋಗಿ ಸುಟ್ಟ ರೊಟ್ಟಿಯ ಪರಿಮಳ ಬರುತ್ತದೆ. 195 ದಾಟುವ ಹೊತ್ತಿಗೆ ಒಳಗಿನ ಹಬೆಯ ಒತ್ತಡಕ್ಕೆ ಬೀಜ ಚಟಚಟನೆ ಸಿಡಿಯುತ್ತದೆ. ಈ ಮೊದಲ ಸಿಡಿತದ ಹೊತ್ತಿಗೆ ಉರಿ ಎಷ್ಟಿತ್ತು, ನಿಮಿಷಕ್ಕೆ ಎಷ್ಟು ಡಿಗ್ರಿಯಂತೆ ಕಾವು ಏರುತ್ತಿತ್ತು, ಅಲ್ಲಿಂದ ಎಷ್ಟು ಹೊತ್ತು ಬಿಟ್ಟು ಇಳಿಸಲಾಯಿತು ಎಂಬುದರ ಮೇಲೆ ರುಚಿ ನಿಂತಿದೆ. ಅರ್ಧ ನಿಮಿಷ ಹೆಚ್ಚಾದರೆ ಕಹಿ, ಕಡಿಮೆಯಾದರೆ ಹುಳಿ. ನುರಿತ ಹುರಿಯುವವನು ಇದನ್ನು ಮೂಗು, ಕಿವಿ, ಕಣ್ಣುಗಳಿಂದಲೇ ಅರಿಯುತ್ತಾನೆ. ಆದರೆ ಅವನ ಅರಿವು ಅವನೊಡನೆಯೇ ಹೋಗುತ್ತದೆ, ಇಲ್ಲವೇ ಯಾವುದೋ ಕಂಪನಿಯ ಗುಟ್ಟಾಗಿ ಬೀಗ ಹಾಕಿಸಿಕೊಳ್ಳುತ್ತದೆ.

ಈ ಬೀಗಕ್ಕೊಂದು ಕೀಲಿಕೈ ದೂರದಲ್ಲಿ ತಯಾರಾಗಿದೆ. ರಾಫೆಲ್ ಕೋಬೋ, ಮಾರ್ಕೋ ಲೂಥರ್ ಎಂಬಿಬ್ಬರು ಮುಖ್ಯವಾಗಿ ರೂಪಿಸಿದ ‘ಆರ್ಟಿಸನ್’ ಎಂಬ ಮುಕ್ತ ತಂತ್ರಾಂಶ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಜಗತ್ತಿನ ಸಣ್ಣಪುಟ್ಟ ಕಾಫಿ ಹುರಿಯುವವರ ಕೈಯಲ್ಲಿದೆ. ಡ್ರಮ್ಮಿನೊಳಗೆ ಇಳಿಬಿಟ್ಟ ಥರ್ಮೋಕಪಲ್ ಎಂಬ ಕಾವಿನ ಕಡ್ಡಿಯಿಂದ ಕ್ಷಣಕ್ಷಣದ ಉಷ್ಣವನ್ನು ಓದಿ ಅದು ಪರದೆಯ ಮೇಲೆ ಗೆರೆಯಾಗಿ ಬರೆಯುತ್ತದೆ. ಇಂದು ಚೆನ್ನಾಗಿ ಬಂದ ಹದದ ಗೆರೆಯನ್ನು ನಾಳೆ ಹಿನ್ನೆಲೆಯಲ್ಲಿಟ್ಟುಕೊಂಡು ಅದರ ಜಾಡಿನಲ್ಲೇ ಹುರಿಯಬಹುದು. ಇದನ್ನು ಬರೆದವರು ಬೇರೊಬ್ಬರ ಅಪ್ಪಣೆಯಂತೆ ಬರೆದ ಕೂಲಿಯವರಲ್ಲ, ಕಾಫಿ ಹುರಿಯುವ ಹುಚ್ಚು ಸ್ವತಃ ಇದ್ದವರು ಎಂಬುದು ಗಮನಿಸಬೇಕಾದ ಸಂಗತಿ. ಒಲೆಯ ಮುಂದೆ ನಿಂತವನಿಗೆ ಯಾವ ಗುಂಡಿ ಕೈಗೆ ಬೇಗ ಸಿಗಬೇಕು, ಸಿಡಿತದ ಸದ್ದು ಕೇಳಿದೊಡನೆ ಏನನ್ನು ಗುರುತಿಸಬೇಕು ಎಂಬುದು ಒಲೆಯ ಮುಂದೆ ನಿಲ್ಲದವನಿಗೆ ಹೊಳೆಯುವುದಿಲ್ಲ. ನೇಗಿಲನ್ನು ಉಳುವವನೇ ತಿದ್ದಿದಂತೆ.

ತಂತ್ರಾಂಶದ ಮೂಲಬರಹ ಎಲ್ಲರಿಗೂ ತೆರೆದಿದೆ. ಅದು 1989ರಲ್ಲಿ ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಸಾರ್ವಜನಿಕ ಪರವಾನಗಿಯ ಸಂತತಿಯದು: ಯಾರಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವನು ಮಾತ್ರ ತನ್ನ ತಿದ್ದುಪಡಿಯನ್ನೂ ಅಷ್ಟೇ ತೆರೆದಿಡಬೇಕು, ಬೇಲಿ ಹಾಕಿಕೊಳ್ಳುವಂತಿಲ್ಲ. ನಗರದವರಿಗೆ ಹೊಸದೆನಿಸಬಹುದಾದ ಈ ನಿಯಮ ಬೆಟ್ಟದ ಜನರಿಗೆ ಹೊಸದಲ್ಲ. 2006ರಲ್ಲಿ ಬಿಳಿಗಿರಿಯ ಕಾಡಿನಿಂದ ಜೇನು, ನೆಲ್ಲಿ, ಪಾಚಿ ತರುವುದನ್ನು ನಿಷೇಧಿಸಿದಾಗ ಸೋಲಿಗರು ಕೇಳಿದ್ದೂ ಇದನ್ನೇ. ಕಾಡು ಒಬ್ಬನ ಸೊತ್ತಲ್ಲ, ಉಳಿಸಿಕೊಂಡು ಬಳಸುವ ಸಮುದಾಯದ್ದು ಎಂಬ ಆ ವಾದಕ್ಕೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಹಕ್ಕುಪತ್ರಗಳ ಮನ್ನಣೆ ದೊರೆಯಿತು, ಅದೂ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ವರ್ಷದಲ್ಲೇ.

ಕಾಫಿ ಮತ್ತು ಕಂಪ್ಯೂಟರನ್ನು ಜೊತೆಗಿಟ್ಟು ಮಾತಾಡುವುದು ವಿಚಿತ್ರವೆನಿಸುವವರು ಮೂಡಿಗೆರೆಯನ್ನು ನೆನೆಯಬೇಕು. 2007ರ ಏಪ್ರಿಲ್‌ನಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಕಾಫಿ ಬೆಳೆಗಾರರಾಗಿದ್ದುಕೊಂಡೇ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಜಗಳವಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ತೋಟದಲ್ಲಿ ಕುಳಿತವನಿಗೆ ಇದೆಲ್ಲ ಏಕೆ ಎಂದು ಅಂದು ಮೂಗು ಮುರಿದವರೂ ಇಂದು ಮೊಬೈಲಿನಲ್ಲಿ ಕನ್ನಡವನ್ನು ಸರಾಗವಾಗಿ ಒತ್ತುತ್ತಿದ್ದಾರೆ.

ಹಾಗೆಂದು ಒಂದು ತಂತ್ರಾಂಶ ಪೋಡಿನ ಬದುಕನ್ನು ಬದಲಿಸಿಬಿಡುತ್ತದೆಂದು ಡಂಗುರ ಸಾರುವುದು ಸುಳ್ಳಾದೀತು. ಹಣ್ಣಾಗದ ಕಾಯನ್ನು ಉದುರಿಸಿ, ಮಣ್ಣಿನ ಮೇಲೆ ಒಣಗಿಸಿ, ಬೂಷ್ಟು ಹಿಡಿದ ಬೀಜವನ್ನು ಯಾವ ಗೆರೆಯೂ ರಕ್ಷಿಸಲಾರದು. ಕರೆಂಟು ಯಾವಾಗ ಹೋದೀತೆಂದು ಹೇಳಲಾಗದ ಊರಿನಲ್ಲಿ, ಹುರಿಯುತ್ತಿರುವಾಗಲೇ ಡ್ರಮ್ಮು ನಿಂತರೆ ಇಡೀ ಬೀಜ ಕರಕಲು. ಕಾಡಿನ ಸೌದೆಯಿಂದ ಹುರಿಯುವ ಯೋಚನೆಯನ್ನಂತೂ ಮೊದಲೇ ಕೈಬಿಡಬೇಕು. ಬಂಡೀಪುರದ ಅಂಚಿನ ಊರುಗಳಲ್ಲಿ ಸೌದೆಯ ಹೊರೆಯಿಂದ ಕಾಡಂಚು ಹೇಗೆ ಬೋಳಾಯಿತೆಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗ್ಯಾಸ್ ಅಥವಾ ವಿದ್ಯುತ್ತಿನ ಸಣ್ಣ ಯಂತ್ರವೊಂದು ಹಲವು ಮನೆಗಳ ನಡುವೆ ಇರಲಿ. ಇನ್ನೊಂದು ಭಯವೂ ಇದೆ: ಕಾಫಿಗೆ ಒಳ್ಳೆಯ ಬೆಲೆ ಬಂದೊಡನೆ ನೆರಳಿನ ಕಾಡುಮರ ಕಡಿದು ಸಿಲ್ವರ್ ಓಕ್ ನೆಡುವ ಚಪಲ ಹುಟ್ಟುತ್ತದೆ. ಕೊಡಗಿನಲ್ಲಿ ಇದು ನಡೆದದ್ದು ಎಲ್ಲರ ಕಣ್ಣೆದುರಿಗಿದೆ. ಹೆಚ್ಚಿನ ಬೆಲೆಯ ಜೊತೆಗೆ ನೆರಳಿನ ಷರತ್ತನ್ನೂ ಸಂಘಗಳು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಈ ಪ್ರಯತ್ನದಿಂದ ಕಾಡಿಗೆ ನಷ್ಟವೇ ಹೆಚ್ಚು.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಕೆಲಸ ಆರಂಭಿಸಲು ಅಡ್ಡಿಯೇನೂ ಕಾಣುವುದಿಲ್ಲ. ಕಾಫಿ ಮಂಡಳಿಯ ‘ಕಾಪಿ ಶಾಸ್ತ್ರ’ ತರಬೇತಿ ಬೆಂಗಳೂರಿನಲ್ಲಿ ನಡೆಯುತ್ತದೆ. ಅದನ್ನು ವರ್ಷಕ್ಕೊಮ್ಮೆಯಾದರೂ ಬೆಟ್ಟಕ್ಕೆ ಕರೆತರುವಂತೆ ಗಿರಿಜನ ಸಹಕಾರ ಸಂಘಗಳು ಒತ್ತಾಯಿಸಬಹುದು. ಚಾಮರಾಜನಗರ, ಗುಂಡ್ಲುಪೇಟೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಹುಡುಗ ಹುಡುಗಿಯರು ಪರೀಕ್ಷೆಗಾಗಿ ಯಾರೂ ಬಳಸದ ಗ್ರಂಥಾಲಯದ ಲೆಕ್ಕ, ಸಂಬಳದ ಲೆಕ್ಕಗಳ ತಂತ್ರಾಂಶವನ್ನು ವರ್ಷವರ್ಷವೂ ಬರೆದು ಎಸೆಯುವ ಬದಲು, ಕಾವಿನ ಕಡ್ಡಿಯೊಂದನ್ನು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ ಒಂದು ಸುಗ್ಗಿ ಕಾಲ ಬೆಳೆಗಾರರ ಜೊತೆ ಕೂರಬಹುದು. ಪೈಥಾನ್‌ನಲ್ಲಿ ಬರೆದ ಆರ್ಟಿಸನ್‌ನಲ್ಲಿ ಪರದೆಯ ಮೇಲಿನ ಮಾತುಗಳು ಪ್ರತ್ಯೇಕ ಕಡತಗಳಲ್ಲಿರುವುದರಿಂದ ಅವನ್ನು ಕನ್ನಡಕ್ಕೆ ತರುವುದು ಒಂದು ರಜೆಯ ಕೆಲಸ.

ಆ ಕನ್ನಡ ನಿಘಂಟಿನಿಂದ ಬಾರದಿರಲಿ. ಬೀಜ ಸಿಡಿಯುವ ಮೊದಲ ಸದ್ದಿಗೆ, ಹಳದಿ ತಿರುಗುವ ಗಳಿಗೆಗೆ, ಉರಿ ತಗ್ಗಿಸಿದ ಮೇಲೂ ಡ್ರಮ್ಮಿನಲ್ಲಿ ಉಳಿಯುವ ಕಾವಿಗೆ ಸೋಲಿಗ ಹೆಂಗಸರು ರಾಗಿ, ಅವರೆ ಹುರಿಯುವಾಗ ಬಳಸುವ ಮಾತುಗಳಿದ್ದಾವು. ಡಿಸೆಂಬರಿನಲ್ಲಿ ಹಣ್ಣು ಕೊಯ್ಲು ಶುರುವಾಗುವ ಮೊದಲು ಯಾರಾದರೂ ಹೋಗಿ ಕೇಳಿ ಬರೆದುಕೊಂಡರೆ, ಬೀಜ ಒಣಗುವ ಹೊತ್ತಿಗೆ ಪರದೆಯೂ ಸಿದ್ಧವಾಗಿರುತ್ತದೆ.